ಅಡುಗೆಮನೆಯ ಅಂದಾಜಿನಲ್ಲಿ ಬಿಟ್ಟುಹೋದ ಬಾಬುಗಳು

ಬಿಡದಿಯ ಸುತ್ತಮುತ್ತ ಹಳೆ ಅಡುಗೆಮನೆ ಒಡೆಸಿ ಹೊಸದು ಮಾಡಿಸಲು ಹೊರಟವರ ಕೈಗೆ ಬರುವ ಅಂದಾಜು ಪಟ್ಟಿ ಹೆಚ್ಚೂಕಡಿಮೆ ಒಂದೇ ಬಗೆಯದು. ಗ್ರಾನೈಟ್ ಕಟ್ಟೆಗೆ, ಗೋಡೆಯ ಟೈಲ್ಸಿಗೆ, ಮರಗೆಲಸಕ್ಕೆ ಚದರಡಿಗಿಷ್ಟು, ನಲ್ಲಿಗೂ ಸ್ವಿಚ್ಚಿಗೂ ಪಾಯಿಂಟಿಗಿಷ್ಟು, ಒಡೆಯುವುದಕ್ಕೆ ಇಡಿಯಾಗಿ ಇಷ್ಟು, ಕೊನೆಗೆ ಕೂಲಿ. ಅದನ್ನು ನೋಡಿದ ಮನೆಯ ಹಿರಿಯರು ಆಡುವ ಮಾತೂ ಹೆಚ್ಚೂಕಡಿಮೆ ಒಂದೇ: ನಮ್ಮ ಕಾಲದಲ್ಲಿ ಅಡುಗೆಮನೆಗೆ ಖರ್ಚೇ ಇರಲಿಲ್ಲ. ಈ ಮಾತನ್ನು ಒಪ್ಪುವುದು ಕಷ್ಟ. ಖರ್ಚು ಆಗಲೂ ಇತ್ತು, ಬಹುಶಃ ಈಗಿನದಕ್ಕಿಂತ ಹೆಚ್ಚೇ ಇತ್ತು. ಅದು ರೂಪಾಯಿಯಲ್ಲಿ ಇರಲಿಲ್ಲ, ಗಂಟು ಬಿಚ್ಚುವವನ ಮೇಲೆ ಬೀಳುತ್ತಿರಲಿಲ್ಲ, ವರ್ಷವರ್ಷವೂ ಚೂರುಚೂರಾಗಿ ಸಂದಾಯವಾಗುತ್ತಿತ್ತು ಅಷ್ಟೆ. ರಸ್ತೆ, ಸೇತುವೆ, ಕಚೇರಿಗಳಿಗಾಗಿ ರೂಪುಗೊಂಡ ಅಂದಾಜಿನ ವಿದ್ಯೆ ಒಲೆಯ ಮುಂದೆ ಬಂದು ನಿಂತಾಗ ಕೊಳ್ಳಬಹುದಾದದ್ದನ್ನು ಮಾತ್ರ ಎಣಿಸಿತು. ಅಂದು ಅದು ಬಿಟ್ಟ ಬಾಬುಗಳು ಇಂದಿಗೂ ಪಟ್ಟಿಗೆ ಸೇರಿಲ್ಲ. ಇಂದಿನ ಅಂದಾಜುಗಳು ತಪ್ಪುವುದಕ್ಕೆ ಮೇಸ್ತ್ರಿಯ ದುರಾಸೆಗಿಂತ ಇದೇ ದೊಡ್ಡ ಕಾರಣ.

ಹಳೆಯ ಮನೆಯನ್ನು ಈ ಸೀಮೆಯಲ್ಲಿ ಅಂಕಣದಲ್ಲಿ ಅಳೆಯುತ್ತಿದ್ದರು, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗದಲ್ಲಿ. ಮೂರಂಕಣದ ರೈತನ ಮನೆಯಲ್ಲಿ ದನಕ್ಕೊಂದು ಭಾಗ, ಜನಕ್ಕೊಂದು ಭಾಗ ಬಿಟ್ಟು ಉಳಿದ ಮೂಲೆ ಅಡುಗೆಗೆ. ರಾಗಿ ತುಂಬಿದ ವಾಡೆಗಳ ಸಾಲೇ ಎಷ್ಟೋ ಕಡೆ ಅದಕ್ಕೆ ಅಡ್ಡಗೋಡೆ. ಗೋಡೆಯ ಮಣ್ಣು ಊರ ಸುತ್ತಲಿನದು. ಅದನ್ನು ನೆನೆಹಾಕಿ, ತುಳಿದು ಹದ ಮಾಡಿ, ಒಂದು ವರಸೆ ಒಣಗಿದ ಮೇಲೆ ಇನ್ನೊಂದು ವರಸೆ ಏರಿಸಬೇಕು. ಸೂರಿಗೆ ಕುಂಬಾರರ ನಾಡಹೆಂಚು. ಕಲ್ಲಿಗಂತೂ ಬರವಿಲ್ಲ. ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನವು. ಆ ಊರಿಗೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಆ ಶಿಲೆಗೆ ಇಟ್ಟಿದ್ದಾರೆ. ಒರಳು, ಬೀಸುವ ಕಲ್ಲು, ಬಚ್ಚಲಿನ ಚಪ್ಪಡಿ ಎಲ್ಲವೂ ಇಲ್ಲಿಯ ಬಂಡೆಯಿಂದ ಎದ್ದವು. ಕಲ್ಲಿಗೆ ಬೆಲೆಯಿಲ್ಲದಿದ್ದರೂ ಅದನ್ನು ಸೀಳಿ ಕಡೆದವನ ಕೂಲಿ, ಹೊತ್ತು ತಂದ ಗಾಡಿಯ ಬಾಡಿಗೆ ಇದ್ದೇ ಇತ್ತು. ಅದು ಸುಗ್ಗಿಯ ಹೊತ್ತಿಗೆ ರಾಗಿಯಾಗಿ ಸಲ್ಲುತ್ತಿತ್ತು. ಹೀಗೆ ಸಾಮಾನು ಪುಕ್ಕಟೆ ಎಂಬ ಮಾತಿನ ಅರ್ಧವಷ್ಟೇ ನಿಜ.

ಇನ್ನರ್ಧ ಕಟ್ಟಿದ ಮೇಲೆ ಶುರುವಾಗುತ್ತದೆ. ಮಣ್ಣಿನ ಅಡುಗೆಮನೆ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ನೆಲಕ್ಕೆ ಸಗಣಿ ಸಾರಿಸಬೇಕು, ಒಲೆಗೆ ದಿನಾ ಕೆಮ್ಮಣ್ಣು ಬಳಿಯಬೇಕು, ಹಬ್ಬಕ್ಕೆ ಮುಂಚೆ ಗೋಡೆಯ ಬಿರುಕು ಮುಚ್ಚಿ ಸುಣ್ಣ ಹೊಡೆಯಬೇಕು, ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು, ಮಳೆ ಮುಗಿದ ಮೇಲೆ ಇಲಿ ತೋಡಿದ ಬಿಲ ಮುಚ್ಚಬೇಕು. ಹೆಂಚಿನ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಹೆಂಗಸರ ಪಾಲಿನದು. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಬರೆದ ಪಾಲುಪಾರೀಖತ್ತಿನಲ್ಲಿ ಹೊಲ, ಗದ್ದೆ, ಎತ್ತು, ತಾಮ್ರದ ಹಂಡೆ, ಮನೆಯ ಅಂಕಣ ಎಲ್ಲ ಹಂಚಿಕೆಯಾಗುತ್ತದೆ. ಬೇರೆಯಾದವರ ಹೊಸ ಒಲೆ ಹೂಡುವ ಕೆಲಸ ಮಾತ್ರ ಯಾರ ಲೆಕ್ಕಕ್ಕೂ ಬರದೆ ಸೊಸೆಯ ತಲೆಗೆ ಬೀಳುತ್ತದೆ. ಜನಗಣತಿಯವರು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನೇ ಒಂದು ಕುಟುಂಬವೆಂದು ಎಣಿಸುತ್ತಾರೆ. ಮನೆತನಕ್ಕೆ ಇಷ್ಟು ಮುಖ್ಯವಾದ ಜಾಗದ ನಿರ್ಮಾಣವೆಚ್ಚ ಮನೆತನದ ಯಾವ ಕಾಗದದಲ್ಲೂ ಇಲ್ಲದಿರುವುದು ವಿಚಿತ್ರವೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕೂಲಿಯ ಲೆಕ್ಕವೇ ಇಲ್ಲದ ಕಾಲದ ಮನೆಗೆಲಸಕ್ಕೆ ಇಂದಿನ ಕೂಲಿದರ ಹಚ್ಚುವುದು ನ್ಯಾಯವೇ? ದರ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ, ಹಚ್ಚಲೂ ಬಾರದು. ಆದರೆ ಆ ದುಡಿಮೆ ಅಳತೆಗೆ ಸಿಗದಷ್ಟು ಸಣ್ಣದೂ ಆಗಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದವರು, ಮಾಗಡಿಯ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಇಂಧನದ ಲೆಕ್ಕ ಹಿಡಿದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಸೌದೆಯಲ್ಲಿ ಬಹುಪಾಲು ಅಡುಗೆಗೂ ಸ್ನಾನದ ನೀರಿಗೂ ಹೋಗುವಂಥದ್ದು, ಅದನ್ನು ಆಯ್ದು ತರುವುದರಲ್ಲಿ ಹೆಂಗಸರು ಮಕ್ಕಳ ದಿನದ ಗಂಟೆಗಟ್ಟಲೆ ಹೊತ್ತು ಕಳೆಯುತ್ತದೆ ಎಂಬುದು ಅಲ್ಲಿ ಅಂಕಿಗಳಲ್ಲೇ ಕಂಡಿತು. ಉಂಗ್ರದಲ್ಲಿ ಇದ್ದದ್ದು ಬಿಡದಿ ಹೋಬಳಿಯಲ್ಲಿ ಇರಲಿಲ್ಲವೆನ್ನಲು ಕಾರಣವಿಲ್ಲ: ಅದೇ ರಾಗಿ, ಅದೇ ಮೂರು ಗುಂಡಿನ ಒಲೆ, ಅದೇ ಒಣಭೂಮಿ. ರೇಷ್ಮೆ ಸಾಕುವ ಮನೆಗಳಲ್ಲಿ ಇನ್ನೊಂದು ತೊಡಕು. ಹುಳುವಿಗೆ ಹೊಗೆ ಆಗದು, ಹುಳುವೋ ಮನುಷ್ಯರಿರುವ ಸೂರಿನಡಿಯಲ್ಲೇ ತಟ್ಟೆಯ ಮೇಲೆ ಬೆಳೆಯಬೇಕು; ಹಾಗಾಗಿ ಒಲೆ ಹಿತ್ತಲ ಕಡೆಗೆ ಸರಿಯಬೇಕಾಗುತ್ತಿತ್ತು.

ಈಗ ಅಂದಾಜಿನ ಕಥೆಗೆ ಬರೋಣ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, 1856ರಲ್ಲಿ, ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಪರಿಮಾಣ ಅಳೆದು, ದರ ಹಾಕಿ, ಗುಣಿಸಿ, ಮಂಜೂರಾತಿ ಪಡೆದು ಆಮೇಲೆ ಗುದ್ದಲಿ ಎತ್ತುವ ಶಿಸ್ತು ನೆಲೆಯಾದದ್ದು ಇಂಥ ಇಲಾಖೆಗಳ ಮೂಲಕ. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಬಿಡದಿಯನ್ನು ಹಾದು ಪೂರ್ತಿಯಾಯಿತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹುಟ್ಟಿದ ಮಂಗಳೂರು ಹೆಂಚು ನಿಧಾನವಾಗಿ ಬಯಲುಸೀಮೆಗೂ ಏರಿತು. ಎಣಿಸಿ ಕೊಳ್ಳುವ ಹೆಂಚು, ಮೂಟೆಯಲ್ಲಿ ಬರುವ ಸಿಮೆಂಟು, ನೂರು ಚದರಡಿಗೆ ಒಂದು ‘ಚದರ’ ಎಂಬ ಮೇಸ್ತ್ರಿಗಳ ಅಳತೆ, ಇವು ಸೇರಿದಾಗ ಅಂಕಣ ಮೂಲೆಗೆ ಸರಿಯಿತು. ಪಾಲಿಟೆಕ್ನಿಕ್‌ಗಳಲ್ಲಿ ಇಂದಿಗೂ ಕಲಿಸುವ ಕ್ರಮ ಅದೇ: ಒಟ್ಟು ಮೊತ್ತದ ಮೇಲೆ ಅನಿರೀಕ್ಷಿತ ಬಾಬಿಗೆಂದು ಶೇಕಡ 3ರಿಂದ 5 ಸೇರಿಸಿದರೆ ಅಂದಾಜು ಮುಗಿಯಿತು. ಖಾಲಿ ನಿವೇಶನದಲ್ಲಿ ಹೊಸದಾಗಿ ಏಳುವ ಕಟ್ಟಡಕ್ಕೆ ಈ ಪ್ರಮಾಣ ಸಾಲಬಹುದು. ಮಣ್ಣಿನ ಗೋಡೆಯ ಮೇಲೆ ಒಂದು ಕಾಲದಲ್ಲಿ ಸಿಮೆಂಟು ಬಳಿದು, ಇನ್ನೊಂದು ಕಾಲದಲ್ಲಿ ಪೈಪು ತೂರಿಸಿದ ಅಡುಗೆಮನೆಗೆ ಸಾಲುವುದಿಲ್ಲ. ಅಲ್ಲಿ ಗೋಡೆಯೊಳಗೆ ಏನಿದೆಯೆಂದು ಒಡೆಯುವತನಕ ಯಾರಿಗೂ ತಿಳಿಯದು.

ಸರಕಾರ ಬಡವರ ಮನೆಗೆ ಅಂದಾಜು ಹಾಕಲು ಹೊರಟಾಗ ಅಡುಗೆಮನೆ ಮೊದಲ ಬಾರಿಗೆ ಕಡತದೊಳಗೆ ಬಂತು. ಅದು ಬಂದದ್ದು ಕೋಣೆಯಾಗಿ ಅಲ್ಲ, ಒಲೆಯಾಗಿ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1983ರಲ್ಲಿ. ಅದೇ ಹೊತ್ತಿಗೆ ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮೊದಲಾದವರು ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ, ಹೊಗೆ ಕೊಳವೆಯ ಸಮೇತ, ರಾಜ್ಯದ ಹಳ್ಳಿಹಳ್ಳಿಗೂ ಹೋಯಿತು. 1985ರ ಇಂದಿರಾ ಆವಾಸ್ ಮನೆಗೆ ಹೊಗೆಯಿಲ್ಲದ ಒಲೆಯೂ ಶೌಚಾಲಯವೂ ಸೇರಬೇಕೆಂಬುದು ನಿಯಮವಾಯಿತು. ಅಡುಗೆಗೆ ಜಾಗವನ್ನೇ ಲೆಕ್ಕ ಹಿಡಿದದ್ದು 2016ರ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆ. ಅದು ಮನೆಯ ಕನಿಷ್ಠ ಅಳತೆಯನ್ನು 20ರಿಂದ 25 ಚದರ ಮೀಟರಿಗೆ ಏರಿಸಿ, ಶುಚಿಯಾಗಿ ಅಡುಗೆ ಮಾಡಲು ಮೀಸಲಾದ ಜಾಗವೂ ಅದರೊಳಗೆ ಇರಬೇಕೆಂದಿತು. ಬಯಲು ಪ್ರದೇಶಕ್ಕೆ ಕೊಟ್ಟ ನೆರವು 1,20,000 ರೂಪಾಯಿ. ಭಾಗಿಸಿದರೆ ಚದರಡಿಗೆ ಸುಮಾರು 446 ರೂಪಾಯಿ. ಹೆಚ್ಚಿಸಿದ ಐದು ಚದರ ಮೀಟರಿಗೆ ಬೀಳುವುದು 24,000. ಬಡವರ ಅಡುಗೆಯ ಜಾಗಕ್ಕೆ ಅಧಿಕೃತವಾಗಿ ಬೆಲೆ ಕಟ್ಟಿದ್ದು ಎಲ್ಲಾದರೂ ಇದ್ದರೆ ಅದು ಇಷ್ಟು. ಇದು ನೆರವು, ಪೂರ್ತಿ ವೆಚ್ಚವಲ್ಲ ಎಂದು ಅಧಿಕಾರಿಗಳು ಹೇಳುವುದು ಸರಿಯೇ. ಉಳಿದದ್ದನ್ನು ಮನೆಯವರು ದುಡಿದು ತುಂಬಬೇಕು ಎಂದು ಅದರ ಅರ್ಥವಾದರೆ, ಹಳೆಯ ಬಾಬು ಮತ್ತೆ ಹಿಂಬಾಗಿಲಿನಿಂದ ಒಳಬಂದಂತಾಯಿತು.

ಗ್ಯಾಸು ಬಂದ ಮೇಲೆ ಆದ ಬದಲಾವಣೆ ಇನ್ನೂ ದೊಡ್ಡದು, ಏಕೆಂದರೆ ಕುಳಿತು ಮಾಡುತ್ತಿದ್ದ ಅಡುಗೆ ನಿಂತು ಮಾಡುವಂಥದ್ದಾಯಿತು. ಸೊಂಟದ ಎತ್ತರಕ್ಕೆ ಕಟ್ಟೆ ಬೇಕಾಯಿತು, ಕಟ್ಟೆಗೆ ಮೊದಲು ಒರಟು ಚಪ್ಪಡಿ, ಆಮೇಲೆ ಕಡಪ ಕಲ್ಲು, ಆಮೇಲೆ ಪಾಲಿಶ್ ಮಾಡಿದ ಗ್ರಾನೈಟು. ನೆರೆಹೊರೆಯ ಬಂಡೆಯಲ್ಲಿ ಹುಟ್ಟಿದ ಕಲ್ಲು ಕಾರ್ಖಾನೆಯಲ್ಲಿ ಹೊಳಪು ಪಡೆದು ಚದರಡಿಯ ದರದಲ್ಲಿ ಮರಳಿ ಬರುತ್ತದೆ. ಆದರೆ ಮುದ್ದೆ ಈ ಎತ್ತರಕ್ಕೆ ಒಗ್ಗಲಿಲ್ಲ. ಹತ್ತು ಜನರ ಮುದ್ದೆ ತಿರುವಬೇಕಾದರೆ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಮೈಯ ಭಾರವನ್ನೆಲ್ಲ ಕೋಲಿನ ಮೇಲೆ ಹಾಕಬೇಕು. ಕಟ್ಟೆಯ ಮೇಲಿನ ಗ್ಯಾಸ್ ಸ್ಟವ್ ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಹಾಗಾಗಿ ಈ ಭಾಗದಲ್ಲಿ ಎಷ್ಟೋ ಮನೆಗಳಿಗೆ ಎರಡು ಅಡುಗೆಮನೆ: ನೆಂಟರಿಗೆ ತೋರಿಸುವುದು ಒಳಗೆ, ಹಬ್ಬದ ಅಡುಗೆ, ಬಾಡೂಟ, ಸ್ನಾನದ ನೀರು ಹಿತ್ತಲ ಸೌದೆ ಒಲೆಯಲ್ಲಿ. ಅಂದಾಜು ಪಟ್ಟಿ ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಶೀಟು ಹೊದಿಸಿ, ನೆಲಕ್ಕೆ ಚಪ್ಪಡಿ ಹಾಸಿ, ನೀರು ಹರಿಯಲು ದಾರಿ ಮಾಡಿಕೊಡುವ ಹೊತ್ತಿಗೆ ಆದ ಖರ್ಚನ್ನು ‘ಅಂದಾಜು ಮೀರಿತು’ ಎಂದು ಬರೆದುಕೊಳ್ಳುತ್ತಾರೆ. ಮೀರಿದ್ದು ಏನೂ ಇಲ್ಲ. ಆ ಮನೆ ಉಣ್ಣುವ ರೀತಿಯನ್ನು ಮೊದಲೇ ಕೇಳಿದ್ದರೆ ಅದು ಪಟ್ಟಿಯಲ್ಲೇ ಇರುತ್ತಿತ್ತು.

ಮೇಸ್ತ್ರಿಯೇ ಮೋಸ ಮಾಡುತ್ತಾನೆ ಎಂಬುದು ಜನಪ್ರಿಯ ಉತ್ತರ. ಅದರಲ್ಲಿ ಸ್ವಲ್ಪ ಹುರುಳಿದೆ. ಹತ್ತಡಿ ಎಂಟಡಿಯ ಅಡುಗೆಮನೆಯ ಎರಡು ಗೋಡೆಗಳಿಗೆ ತಗುಲಿಕೊಂಡು ಎರಡಡಿ ಅಗಲದ ಕಟ್ಟೆ ಬರುತ್ತದೆನ್ನಿ. ಗೋಡೆಯುದ್ದಕ್ಕೂ ಅಳೆದರೆ ಹದಿನೆಂಟು ಅಡಿ, ಅಗಲದಿಂದ ಗುಣಿಸಿದರೆ 36 ಚದರಡಿ. ಹಾಸಿದ ಕಲ್ಲು ಮಾತ್ರ 32 ಚದರಡಿ. ಮೂಲೆಯನ್ನು ಎರಡು ಸಲ ಎಣಿಸಲಾಗಿದೆ. ಕಲ್ಲು ಕತ್ತರಿಸಿದಾಗ ಹಾಳಾಗುವ ತುಂಡಿಗೆ ಅದು ಸಲ್ಲುತ್ತದೆಂದು ಮೇಸ್ತ್ರಿ ವಾದಿಸುತ್ತಾನೆ, ಆ ವಾದ ಪೂರ್ತಿ ಪೊಳ್ಳೂ ಅಲ್ಲ. ಹೇಗಾದರೂ ಇಲ್ಲಿಯ ವ್ಯತ್ಯಾಸ ನಾಲ್ಕು ಚದರಡಿ. ಅಂದಾಜಿಗೆ ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ: ಒಡೆದಾಗ ತೇವ ಹಿಡಿದ ಗೋಡೆ, ಮೇಲಿನ ಕಪಾಟಿನ ಮೊಳೆ ಹಿಡಿಯದ ಮಣ್ಣಿಟ್ಟಿಗೆ, ಇಳಿಜಾರೇ ಇಲ್ಲದ ಬಚ್ಚಲ ಪೈಪು, ಮತ್ತು ಕೆಲಸ ನಡೆಯುವಷ್ಟು ದಿನವೂ ಮನೆಮಂದಿಗೆ ಎಲ್ಲೋ ಅಡುಗೆ ಮಾಡಲೇಬೇಕಾದ ಪಾಡು. ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಗೆ ಬಿಡದಿಯಲ್ಲಿ ಕಾರು ತಯಾರಿಸತೊಡಗಿದ ಮೇಲೆ, ಒಂದರ ಹಿಂದೊಂದು ಕಾರ್ಖಾನೆ ಬಂದು ಬಾಡಿಗೆ ಮನೆಗೆ ಬೇಡಿಕೆ ಏರಿತು. ಹಳೆ ಮನೆಯನ್ನೇ ಒಡೆದು ಎರಡು ಮೂರು ಅಡುಗೆಮನೆ ಮಾಡಿದವರಿಗೆ ಈ ಪೆಟ್ಟುಗಳೂ ಎರಡು ಮೂರು ಪಟ್ಟು.

ಹೊಸ ಅಡುಗೆಮನೆಗೆ ವರ್ಷವರ್ಷದ ಆರೈಕೆ ಬೇಡ, ಅಷ್ಟಾದರೂ ಲಾಭವಲ್ಲವೇ ಎಂದು ಕೇಳಬಹುದು. ಲಾಭವೇ, ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುವ ಕಾಲಕ್ಕೆ ಮರಳಬೇಕೆಂದು ಯಾವ ಹೆಂಗಸೂ ಕೇಳಲಾರಳು, ನಾನಂತೂ ಕೇಳುವುದಿಲ್ಲ. ಆದರೆ ಹಳೆಯ ಲೆಕ್ಕದಲ್ಲಿ ಜಮಾ ಬದಿಯೂ ಒಂದಿತ್ತು. ಒಡೆದ ಮನೆಯ ತೊಲೆ, ಬಾಗಿಲು, ಹೆಂಚು ಮುಂದಿನ ಮನೆಗೆ ಬರುತ್ತಿದ್ದವು. ಗೋಡೆಯ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಲೋಕೋಪಯೋಗಿ ಇಲಾಖೆಯ ಪದ್ಧತಿಯಲ್ಲೂ ಕಿತ್ತ ಹಳೆ ಸಾಮಾನಿನ ಬೆಲೆಯನ್ನು ಅಂದಾಜಿನಲ್ಲಿ ಕಳೆಯುವ ಕ್ರಮವುಂಟು. ನೀರು ಕುಡಿದು ಉಬ್ಬಿದ ಪ್ಲೈವುಡ್ಡಿಗೂ ಒಡೆದ ಟೈಲ್ಸಿಗೂ ಅಂಥ ಜಮಾ ಇಲ್ಲ. ಅದನ್ನು ಸಾಗಿಸಲು ಟ್ರ್ಯಾಕ್ಟರಿನವನಿಗೆ ನಾವೇ ಕೊಡಬೇಕು, ಕೊಟ್ಟ ಮೇಲೆ ಅದು ಯಾವ ಕೆರೆಯಂಗಳಕ್ಕೆ ಬೀಳುತ್ತದೆಂದು ಕೇಳದೆ ಸುಮ್ಮನಿರಬೇಕು.

ಈ ಲೆಕ್ಕ ಈಗ ಬಿಡದಿಯಲ್ಲಿ ಬರಿಯ ಮನೆವಾರ್ತೆಯಾಗಿ ಉಳಿದಿಲ್ಲ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ಹಳ್ಳಿಗಳಲ್ಲಿ ಟೌನ್‌ಶಿಪ್ಪಿಗಾಗಿ ಭೂಸ್ವಾಧೀನದ ಮಾತು ಎದ್ದು ರೈತರು ಪ್ರತಿಭಟನೆಗೆ ಕೂತಿದ್ದಾರೆ. 2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಮಿನಂತೆ, ಸ್ವಾಧೀನವಾಗುವ ಜಮೀನಿನ ಮೇಲಿರುವ ಕಟ್ಟಡದ ಬೆಲೆ ಕಟ್ಟಲು ಜಿಲ್ಲಾಧಿಕಾರಿ ಎಂಜಿನಿಯರರ ನೆರವು ಪಡೆಯಬಹುದು; ನಿರ್ಧಾರವಾದ ಪರಿಹಾರದ ಮೇಲೆ ಅಷ್ಟೇ ಮೊತ್ತ ಸೊಲೇಷಿಯಂ ಸೇರುತ್ತದೆ. ಎಂಜಿನಿಯರರ ಕೈಯಲ್ಲಿರುವ ರೂಢಿಯ ವಿಧಾನವೆಂದರೆ ತಳವಿಸ್ತೀರ್ಣ ಅಳೆದು, ದರದಿಂದ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕಷ್ಟು ಸವಕಳಿ ಕಳೆಯುವುದು. ಸವಕಳಿ ಕಟ್ಟಡದ ವಯಸ್ಸನ್ನು ಹಿಡಿಯುತ್ತದೆ, ವರ್ಷವರ್ಷವೂ ಬಳಿದು ಮೆತ್ತಿ ಅದನ್ನು ನಿಲ್ಲಿಸಿದ ದುಡಿಮೆಯನ್ನು ಹಿಡಿಯುವುದಿಲ್ಲ. ಮಣ್ಣಿನ ಗೋಡೆ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ. ಹಿತ್ತಲಲ್ಲಿ ಬಯಲಿಗಿರುವ ಒಲೆಗೆ ತಳವಿಸ್ತೀರ್ಣವೇ ಇಲ್ಲವಾದ್ದರಿಂದ ಗುಣಿಸಲು ಸಂಖ್ಯೆಯೂ ಇಲ್ಲ. ಪರಿಹಾರದ ದುಡ್ಡಿನಲ್ಲಿ ಬೇರೆ ಕಡೆ ಮನೆ ಕಟ್ಟಿಸುವವರು ಮೇಸ್ತ್ರಿಯಿಂದ ಪಡೆಯುವ ಅಂದಾಜು ಹೊಸ ದರದ್ದು, ಕೈಗೆ ಬಂದಿರುವುದು ಸವಕಳಿ ಕಳೆದ ಬೆಲೆ. ಹಳೆಯ ಮನೆಯ ಮಟ್ಟಿಗೆ ಸೊಲೇಷಿಯಂ ಈ ಅಂತರವನ್ನು ಪೂರ್ತಿ ತುಂಬುತ್ತದೋ ಇಲ್ಲವೋ ಎಂಬುದನ್ನು ಅಳತೆಯ ಪಟ್ಟಿಗೆ ರುಜು ಹಾಕುವ ಮುಂಚೆಯೇ, ಒಂದೊಂದು ಬಾಬನ್ನೂ ಎತ್ತಿ ಕೇಳಬೇಕು. ಹಿತ್ತಲ ಒಲೆ, ಅದರ ಮೇಲಿನ ಶೀಟು, ಅಲ್ಲಿಗೆ ಎಳೆದ ನೀರಿನ ಪೈಪು, ಸೌದೆ ಒಟ್ಟುವ ಕಟ್ಟೆ, ನೆಲಕ್ಕೆ ಹೂತ ಒರಳು ಇವನ್ನೂ ಪಟ್ಟಿಯಲ್ಲಿ ಕಾಣಿಸಿರೆಂದು ಕೇಳಬೇಕಾದವರು ಆ ಮನೆಯ ಹೆಂಗಸರೇ, ಏಕೆಂದರೆ ಅವು ಎಷ್ಟಿವೆಯೆಂದು ಸರಿಯಾಗಿ ಗೊತ್ತಿರುವುದು ಅವರಿಗೆ.