ಜೇವರ್ಗಿಯಿಂದ ಮುದಗಲ್ಲಿಗೆ: ಬ್ರಿಟಿಷರಿಗಿಂತ ಹಳೇದೊಂದು ಚರ್ಚ್

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ತಪ್ಪದೇ ಕೇಳ್ತಿರೋ ಎಲ್ಲರಿಗೂ ಮೊದಲು ಒಂದು ಥ್ಯಾಂಕ್ಸ್. ಇವತ್ತಿನ ವಿಷಯ ಒಂದು ಚರ್ಚ್. ಆದ್ರೆ ಸಂಚಿಕೆ ಶುರುವಾಗೋದು ನಾನು ಮಾಡಿದ ಒಂದು ತಪ್ಪಿನಿಂದ.

ಬಿ.ಕಾಂ. ಎರಡನೇ ವರ್ಷದಲ್ಲಿ ನನ್ನ ಬೆಂಚಿನಲ್ಲಿ ಕೂಡ್ತಿದ್ದ ಗೆಳೆಯ ಕ್ಯಾಥೋಲಿಕ್. ಒಂದಿನ ಚಾ ಕುಡೀತಾ ನಾನೇ ಕೇಳಿದೆ: "ನೀವು ಯಾವಾಗ ಕನ್ವರ್ಟ್ ಆದ್ರಿ ಲೇ? ಬ್ರಿಟಿಷರ ಕಾಲದಾಗೇನು?" ಸುತ್ತ ಇದ್ದವರು ನಕ್ಕರು. ಅವನು ಗ್ಲಾಸ್ ಕೆಳಗಿಟ್ಟು, "ನಮ್ಮೂರು ಮುದಗಲ್. ಮೊದಲು ಅದನ್ನ ಓದು, ಆಮೇಲೆ ಕೇಳು" ಅಂತ ಹೇಳಿ ಎದ್ದುಹೋದ. ಓದೋಕೆ ನನಗೆ ಎಂಟು ವರ್ಷ ಹಿಡೀತು.

ಮುದಗಲ್ ನಮಗೇನು ದೂರದ ಊರಲ್ಲ. ಜೇವರ್ಗಿಯಿಂದ ಶುರುವಾಗೋ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಶಹಾಪುರ, ಸುರಪುರ ದಾಟಿ, ಕೃಷ್ಣಾ ದಾಟಿ ಲಿಂಗಸುಗೂರಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಆಯ್ತು. ಅಲ್ಲೊಂದು ಹಳೇ ಕ್ಯಾಥೋಲಿಕ್ ಕೇರಿ ಇದೆ, ಚರ್ಚ್ ಇದೆ. ಅದಕ್ಕೆ ಹೇಳೋ ಇಸವಿ 1557. ಯೇಸುಸಭೆಯ ಪಾದ್ರಿಗಳು, ಅಂದ್ರೆ ಜೆಸ್ವಿಟರು, ಕಟ್ಟಿಸಿದ್ದು ಅಂತ ಹೇಳ್ತಾರೆ.

1557 ಅಂದ್ರೆ ಎಷ್ಟು ಹಳೇದು ಸ್ವಲ್ಪ ಲೆಕ್ಕ ಹಾಕಿ. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ತಾಳಿಕೋಟೆ ಯುದ್ಧ ಆಗಿದ್ದು 1565ರಲ್ಲಿ. ಎರಡಕ್ಕಿಂತ ಮುಂಚಿನ ಮಾತಿದು. ನಾನು ಕಾಮರ್ಸ್ ಓದಿದವನು, ಯಾವ ಲೆಡ್ಜರ್ ಕೊಟ್ಟರೂ ಮೊದಲು ಓಪನಿಂಗ್ ಬ್ಯಾಲೆನ್ಸ್ ನೋಡೋ ಚಾಳಿ. ನಮ್ಮ ಭಾಗದ ಕ್ರೈಸ್ತರ ವಿಷಯದಲ್ಲಿ ನಾನು ಆ ಮೊದಲ ಸಾಲನ್ನೇ ತಪ್ಪಾಗಿ ಬರ್ಕೊಂಡಿದ್ದೆ. ಅದರಲ್ಲೂ ನಮ್ಮ ಮೂರೂ ತಾಲೂಕು 1948ರ ತನಕ ನಿಜಾಮರ ಸೀಮೆ! ಮಾತೆತ್ತಿದರೆ ಬ್ರಿಟಿಷರನ್ನ ತರೋ ಅಭ್ಯಾಸ ನಮಗೆ ಎಲ್ಲಿಂದ ಬಂತೋ.

ಜೇವರ್ಗಿಯವರಿಗೆ ಇನ್ನೊಂದು ಮಾತು. ಭೀಮಾ ದಂಡೆ ಮೇಲಿನ ಫಿರೋಜಾಬಾದ್ ಪಾಳು ಕೋಟೆ ನೋಡಿರ್ತೀರಿ. ಅದನ್ನ ಕಟ್ಟಿಸಿದ ಬಹಮನಿ ಸುಲ್ತಾನ ಫಿರೋಜ್ ಷಾ ಬೈಬಲ್ಲಿನ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡನ್ನೂ ಓದ್ತಿದ್ದ ಅಂತ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಹದಿನೈದನೇ ಶತಮಾನದ ಶುರುವಿನ ಮಾತು, ಪೋರ್ಚುಗೀಸರು ಇನ್ನೂ ಭಾರತದ ಕಡೆ ಹಡಗು ಬಿಟ್ಟಿರಲಿಲ್ಲ. ಇದೇ ಫಿರೋಜ್ ಷಾ ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಾರಣಕ್ಕೆ ವಿಜಯನಗರದ ದೇವರಾಯನ ಜೊತೆ ಯುದ್ಧ ಮಾಡಿದ ಅನ್ನೋ ಕಥೆಯೂ ಫಿರಿಸ್ತಾನದೇ. ಕೃಷ್ಣಾ, ತುಂಗಭದ್ರಾ ನಡುವಿನ ದೋಆಬ್ ಅಂದ್ರೆ ಹಾಗೆ. ಇನ್ನೂರು ವರ್ಷ ಎರಡೂ ಕಡೆಯವರು ಜಗ್ಗಾಡಿದ ನೆಲ.

ಆ ಜಗ್ಗಾಟದಲ್ಲೇ ಪೋರ್ಚುಗೀಸರು ಇಲ್ಲಿಗೆ ಕಾಲಿಟ್ಟರು. ಪಾದ್ರಿಗಳಾಗಿ ಅಲ್ಲ, ಕೋವಿ ಹಿಡಿದು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾಂವ್ ದ ಫಿಗೆರೆದೊ ಅನ್ನೋನು ತನ್ನ ಕೋವಿಕಾರರ ಜೊತೆ ಸೇರ್ಕೊಂಡ. ಗೋಡೆ ಮೇಲಿನ ಕಾವಲಿನವರನ್ನ ಇವರು ಗುಂಡಿಟ್ಟು ಬೀಳಿಸ್ತಿದ್ದರೆ, ರಾಯರ ಸೈನಿಕರು ಕೆಳಗಿಂದ ಗೋಡೆಯ ಕಲ್ಲು ಕೀಳ್ತಿದ್ದರು. ನೂನಿಜ್ ಇದನ್ನ ವಿವರವಾಗಿ ಬರೆದಿದ್ದಾನೆ. ನಾವು ತೋಪಿಗೆ 'ಫಿರಂಗಿ' ಅಂತೀವಲ್ಲ, ಆ ಮಾತಿನ ಅರ್ಥವೇ ಯುರೋಪಿನವನು ಅಂತ.

ಕೋವಿ, ತೋಪು ಬಂದ ಮೇಲೆ ಕಟ್ಟೋ ರೀತಿಯೇ ಬದಲಾಯ್ತು. ಮುದಗಲ್ ಕೋಟೆ ನೋಡಿದರೆ ಗೊತ್ತಾಗುತ್ತೆ. ಸುತ್ತ ನೀರಿನ ಕಂದಕ, ಕೆಲವು ಕಡೆ 50 ಗಜದಷ್ಟು ಅಗಲ. ಅದರ ಹಿಂದೆ ಒಂದು ಸಾಲು ಬುರುಜು, ಇಕ್ಕಟ್ಟಿನ ಹಾದಿ, ಅದರ ಹಿಂದೆ ಮತ್ತೂ ದಪ್ಪ ಬುರುಜುಗಳು. ತೋಪಿನ ಏಟಿಗೆ ತಯಾರಾದ ಕೋಟೆ. ಕಲ್ಲು ಜೋಡಿಸಿದ ವರಸೆ ಎಷ್ಟೋ ಕಡೆ ಹಳೇ ಗುಡಿಗಳದ್ದು, ಮೇಲಿನ ಕಮಾನಿನಾಕಾರದ ತೆನೆಗಳು ಸುಲ್ತಾನರ ಕಾಲದ್ದು. ಒಂದೇ ಗೋಡೆಯಲ್ಲಿ ಎರಡೂ.

ಚರ್ಚ್ ಕಟ್ಟಡ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಮೈಸೂರಿನ ಸಂತ ಫಿಲೋಮಿನಾ, ಮುಗಿಲಿಗೆ ಚುಚ್ಚೋ ಅವಳಿ ಗೋಪುರ. ಅದಕ್ಕೆ ಅಡಿಗಲ್ಲು ಬಿದ್ದಿದ್ದು 1933ರಲ್ಲಿ. ಮುದಗಲ್ ಚರ್ಚ್ ಹುಟ್ಟಿದ ಕಾಲದ ಕಟ್ಟಡ ನೋಡಬೇಕು ಅಂದ್ರೆ ಹಳೇ ಗೋವಾದ ಗುಡ್ಡದ ಮೇಲಿರೋ ರೋಸರಿ ಮಾತೆಯ ಚರ್ಚ್‌ಗೆ ಹೋಗಿ. 1540ರ ದಶಕದ್ದು. ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಕಿಟಕಿ, ಮೂಲೆಗಳಲ್ಲಿ ದುಂಡನೆಯ ಬುರುಜಿನಂಥ ಆಸರೆ. ದೂರದಿಂದ ಚರ್ಚ್ ಅನ್ನೋಕಿಂತ ಕೋಟೆ ಅನ್ನಬೇಕು. ಅಲ್ಲೇ ಕೆಳಗೆ ಸಂತ ಕಜೇತಾನರ ಚರ್ಚ್ ಹತ್ತಿರ ಆದಿಲ್ ಷಾಹಿ ಅರಮನೆಯ ಕಲ್ಲಿನ ಬಾಗಿಲು ಒಂದೇ ಒಂದು ಉಳಿದಿದೆ. ಅಲ್ಲಿ ಚರ್ಚ್‌ಗಳ ನಡುವೆ ಆದಿಲ್ ಷಾಹಿ ಬಾಗಿಲು, ಇಲ್ಲಿ ಆದಿಲ್ ಷಾಹಿಗಳ ಕೋಟೆಯೂರಿನಲ್ಲಿ ಚರ್ಚ್. ನನಗಂತೂ ಈ ಅದಲುಬದಲು ಬಹಳ ಹಿಡಿಸ್ತು.

ಇನ್ನೊಂದು ಸ್ವಾರಸ್ಯ. ಈ ಚರ್ಚ್ ಶುರುವಾಗಿದ್ದು ಬಿಜಾಪುರದ ಸುಲ್ತಾನರ ಆಶ್ರಯದಲ್ಲಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆದ್ರೆ 1550ರ ದಶಕದ ಆರಂಭದಲ್ಲೇ ಅಳಿಯ ರಾಮರಾಯ ರಾಯಚೂರು, ಮುದಗಲ್ ಎರಡನ್ನೂ ಗೆದ್ದುಕೊಂಡಿದ್ದ. ಅವು ಬಿಜಾಪುರಕ್ಕೆ ಮರಳಿದ್ದು ತಾಳಿಕೋಟೆ ಯುದ್ಧದ ನಂತರ. ಹಾಗಾದ್ರೆ 1557 ಅನ್ನೋ ಇಸವಿ ಸರಿಯಿದ್ದರೆ, ಆಗ ಕೋಟೆ ಮೇಲಿದ್ದದ್ದು ವಿಜಯನಗರದ ಬಾವುಟ! ಹಾಗಂತ ಬಿಜಾಪುರದವರೇನೂ ಬಾಗಿಲು ಹಾಕ್ಕೊಂಡು ಕೂತವರಲ್ಲ. ಅಲಿ ಆದಿಲ್ ಷಾ 1561ರಲ್ಲಿ ತಾನೇ ಗೋವಾದಿಂದ ಪಾದ್ರಿಗಳನ್ನ ದರ್ಬಾರಿಗೆ ಕರೆಸಿಕೊಂಡಿದ್ದ. ಹತ್ತು ವರ್ಷದೊಳಗೆ ಅದೇ ಗೋವಾಕ್ಕೆ ಮುತ್ತಿಗೆ ಹಾಕಿದ, ಅದು ಬೇರೆ ಮಾತು. 1637ರಲ್ಲಿ ಬಿಜಾಪುರ ರಾಜ್ಯಕ್ಕೆ ಅಂತ ರೋಮಿನಲ್ಲಿ ಅಭಿಷಿಕ್ತರಾದ ಬಿಷಪ್ ಕೂಡ ಬಿಳಿಯರಲ್ಲ. ಗೋವಾದ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮಾತೆವುಸ್ ದ ಕಾಸ್ತ್ರೊ.

ಆಮೇಲಿನದ್ದು ಬೇಗ ಹೇಳ್ತೀನಿ. 1686ರಲ್ಲಿ ಬಿಜಾಪುರ ಔರಂಗಜೇಬನ ಪಾಲಾಯ್ತು. 1759ರಲ್ಲಿ ಪೋರ್ಚುಗಲ್ ತನ್ನ ಸೀಮೆಯಿಂದ ಜೆಸ್ವಿಟರನ್ನ ಹೊರಹಾಕಿತು, 1773ರಲ್ಲಿ ಪೋಪರೇ ಆ ಸಭೆಯನ್ನ ರದ್ದು ಮಾಡಿದರು. ಊರು ಮೊಘಲರಿಗೆ, ನಿಜಾಮರಿಗೆ, ಕೆಲವು ವರ್ಷ ಬ್ರಿಟಿಷರಿಗೆ, ಮತ್ತೆ ನಿಜಾಮರಿಗೆ ಅಂತ ಕೈ ಬದಲಾಯ್ತು. ಕೇರಿ ಖಾಲಿಯಾಗಲಿಲ್ಲ. ಸುರಪುರದಲ್ಲಿ ಹತ್ತು ವರ್ಷದ ಮೇಲೆ ಆಡಳಿತ ಮಾಡಿದ ಮೆಡೋಸ್ ಟೇಲರ್, ಚಾಂದ್ ಬೀಬಿ ಕಾಲದ ಕಥೆ ಬರೆದಾಗ ಮುದಗಲ್ಲಿನ ಪಾದ್ರಿಯನ್ನೂ ಅವನ ಸಹೋದರಿಯನ್ನೂ ಪಾತ್ರ ಮಾಡಿದ. 1878ರಲ್ಲಿ ಬಂದ ಆ ಕಾದಂಬರಿಯ ಹೆಸರು 'ಎ ನೋಬಲ್ ಕ್ವೀನ್'. ಇವತ್ತು ಮುದಗಲ್ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ನಮ್ಮ ಕಲಬುರಗಿ ಧರ್ಮಪ್ರಾಂತ್ಯ ಆಗಿದ್ದು 2005ರಲ್ಲಿ. ಅದರ ಮುಂದೆ ಮುದಗಲ್ ಅಜ್ಜನ ಅಜ್ಜ.

ಸಣ್ಣ ಊರಿನ ಚರ್ಚ್‌ಗೆ ಟೂರಿಸ್ಟ್ ಬಸ್ ಬರಲ್ಲ. ಸುಣ್ಣ ಬಣ್ಣ, ಛಾವಣಿ ಎಲ್ಲ ಅಲ್ಲಿನ ಜನರೇ ನೋಡ್ಕೋಬೇಕು. ಪಾಳುಬಿದ್ದ ಚರ್ಚ್ ಫೋಟೋ ತೆಗೆಯೋಕೆ ಹಾಸನದ ಶೆಟ್ಟಿಹಳ್ಳಿಗೆ ಓಡೋ ನಾವು, ಪೂಜೆ ನಡೀತಿರೋ ಇಂಥ ಹಳೇ ಚರ್ಚ್ ಪಕ್ಕದಲ್ಲೇ ಇದ್ರೂ ಹೆಸರು ಕೇಳಿರಲ್ಲ. ನಾನೂ ಕೇಳಿರಲಿಲ್ಲ.

ರೆಕಾರ್ಡ್ ಮಾಡೋ ಮುಂಚೆ ಈ ಸ್ಕ್ರಿಪ್ಟನ್ನ ಆ ಗೆಳೆಯನಿಗೆ ಕಳಿಸಿದ್ದೆ, ಜೊತೆಗೆ ಒಂದು ಸಾರಿನೂ ಹೇಳಿದ್ದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋನ್ ಮಾಡಿದ. ಕ್ಯಾಂಟೀನ್ ವಿಷಯ ಎತ್ತಲೇ ಇಲ್ಲ. "ಬರೇ ಓದಿ ಹೇಳ್ತಿಯೇನು? ಮೊಹರಂಗೆ ಬಾ ನಮ್ಮೂರಿಗೆ. ಮುದಗಲ್ ಮೊಹರಂ ನೋಡಬೇಕು ನೀ. ರೊಟ್ಟಿ ನಮ್ಮನ್ಯಾಗ" ಅಂದ. ಹೊಂಟೀನಿ.