ಕೆರೆಯ ಕಾವಲು ಯಾರದು?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸು ಸವಳಂಗವನ್ನು ಮುಟ್ಟಿದಾಗ, ಕಿಟಕಿಯ ಬಳಿ ಕುಳಿತವರ ಕಣ್ಣು ತಾನಾಗಿಯೇ ಕೆರೆಯ ಕಡೆಗೆ ಹೊರಳುತ್ತದೆ. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆಮೇಲೆ ದಾವಣಗೆರೆ ಜಿಲ್ಲೆಗೆ ಸೇರಿದ ಈ ಸೀಮೆ ಕೆರೆಗಳ ಸೀಮೆ. ಇದೇ ದಾರಿಯಲ್ಲಿ ಶಿಕಾರಿಪುರವನ್ನು ದಾಟಿ ಮುಂದೆ ಹೋದರೆ ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯೆದುರಿನ ಕಂಬದ ಶಾಸನವನ್ನು ನಾವು ಕದಂಬರ ವಂಶಚರಿತ್ರೆಗಾಗಿ ಓದುತ್ತೇವೆ. ಆದರೆ ಆ ಶಾಸನಕ್ಕೆ ನಿಮಿತ್ತವಾದದ್ದು, ಐದನೆಯ ಶತಮಾನದಲ್ಲಿ ಕಾಕುಸ್ಥವರ್ಮನು ಅಲ್ಲಿ ಮಾಡಿಸಿದ ಒಂದು ಕೆರೆ!

ಕೆರೆ ಕಟ್ಟಿಸಿದ ಪುಣ್ಯ ಅರಸನದು; ಅದನ್ನು ಉಳಿಸಿಕೊಳ್ಳುವ ಭಾರ ಊರಿನದು. ಕಟ್ಟುಕೊಡಗೆ, ದಸವಂದ, ಬಿತ್ತುವಟ ಎಂದು ಶಾಸನಗಳಲ್ಲಿ ಬರುವ ಮಾತುಗಳು ಕೆರೆಯನ್ನು ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟ ಭೂಮಿ, ಆದಾಯಗಳ ಹೆಸರುಗಳು. ತೂಬನ್ನು ಕಾಯಲು ನೀರುಗಂಟಿ ಇದ್ದ. ಬೇಸಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕೆರೆ ಕೆಟ್ಟರೆ ತನ್ನ ಗದ್ದೆ ಒಣಗುವುದೆಂದು ಪ್ರತಿಯೊಬ್ಬನಿಗೂ ಗೊತ್ತಿತ್ತು.

ಪಟ್ಟಣಗಳಲ್ಲಿ ಕಡಿದುಹೋದದ್ದು ಈ ನಂಟೇ. ಬೆಂಗಳೂರಿಗೆ ಹೆಸರಘಟ್ಟದ ನೀರು ತರುವ ಯೋಜನೆ 1894ರಲ್ಲಿ ಮೊದಲಾಯಿತು. ಮನೆಯೊಳಗೆ ನಲ್ಲಿ ಬಂದಂತೆ ಜನ ಕೆರೆಗೆ ಬೆನ್ನು ಮಾಡಿದರು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗಾಗಿ ಅದರ ಒಂದು ಮೂಲೆ ಮಾತ್ರ ಕೊಳವಾಗಿ ಉಳಿದಿದೆ. ಭಕ್ತಿಯ ಹಂಗಿದ್ದಷ್ಟು ಜಾಗ ಉಳಿಯಿತು, ಹಂಗು ಹರಿದದ್ದು ಮುಚ್ಚಿಹೋಯಿತು. ಮುಚ್ಚದೆ ಉಳಿದ ಅನೇಕ ಕೆರೆಗಳಿಗೆ ಚರಂಡಿಯ ನೀರು ಹರಿಯಿತು.

ಹೀಗೆ ಕೆಟ್ಟುಹೋದ ಕೆರೆಯನ್ನು ಮರಳಿ ಪಡೆಯಬಹುದೆ? ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆ ಇದಕ್ಕೆ ಉತ್ತರ. ಸುಮಾರು 48 ಎಕರೆಯ ಆ ಕೆರೆ ಬತ್ತಿ, ಕೊಳಚೆ ತುಂಬಿಕೊಂಡಿತ್ತು. 2008ರ ಸುಮಾರಿಗೆ ಸುತ್ತಲಿನ ನಿವಾಸಿಗಳು ಮಹಾನಗರ ಪಾಲಿಕೆಯನ್ನು ಕಂಡರು. ಬರಿಯ ಅರ್ಜಿ ಕೊಟ್ಟು ಅವರು ಹಿಂದಿರುಗಲಿಲ್ಲ. ಎಂಜಿನಿಯರುಗಳೊಡನೆ ಕುಳಿತು ನಕ್ಷೆಯನ್ನೇ ಚರ್ಚಿಸಿದರು. ಹೂಳೆತ್ತಿ, ಕೊಳಚೆಯನ್ನು ಬೇರೆಡೆಗೆ ತಿರುಗಿಸಿದ ಮೇಲೆ ಮಳೆ ನೀರು ನಿಂತಿತು, ಹಕ್ಕಿಗಳು ಬಂದವು. ಆಮೇಲಿನ ಕಾವಲಿಗೂ ನಿವಾಸಿಗಳೇ ಹೆಗಲು ಕೊಟ್ಟರು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ‘ಜನ’ ಎಂದರೆ ಬೆಳಗ್ಗೆ ವಾಯುಸೇವನೆಗೆ ಬರುವ ನಮ್ಮಂಥವರಷ್ಟೇ ಅಲ್ಲ. ದನಕ್ಕೆ ಹುಲ್ಲು ಕೊಯ್ಯುವವನು, ಬಲೆ ಬೀಸುವವನು, ಬಟ್ಟೆ ಒಗೆಯುವವಳು ನಮಗಿಂತ ಮುಂಚಿನ ಹಕ್ಕುದಾರರು. ಬೇಲಿ ಹಾಕಿ, ಟಿಕೆಟ್ಟು ಇಟ್ಟು, ಅವರನ್ನು ಹೊರಗೆ ನಿಲ್ಲಿಸಿದರೆ ಕೆರೆ ಚೊಕ್ಕಟವಾಗಬಹುದು, ಊರಿನದಾಗದು. ಕೈಕೊಂಡರಹಳ್ಳಿಯಲ್ಲಿ ಹುಲ್ಲು ಕೊಯ್ಯುವವರಿಗೂ ಎಡೆಯಿಟ್ಟದ್ದು ಆ ಕೆಲಸದ ಹಿರಿಮೆ.

ಸವಳಂಗದಂಥ ಊರುಗಳೂ ದಿನೇ ದಿನೇ ಬೆಳೆಯುತ್ತಿವೆ. ಪಟ್ಟಣ ಕೋಟಿಗಟ್ಟಲೆ ರೂಪಾಯಿ ಸುರಿದು ಕಲಿತ ಪಾಠವನ್ನು ಇವು ಬಿಟ್ಟಿಯಾಗಿ ಪಡೆಯಬಹುದು. ಕೆಟ್ಟ ಮೇಲೆ ಸಂಘ ಕಟ್ಟುವುದಕ್ಕಿಂತ, ಕೆಡುವ ಮುನ್ನ ಏರಿಯ ಮೇಲೆ ನಾಲ್ಕು ಮಂದಿ ಸೇರುವುದು ಸುಲಭವಲ್ಲವೆ?