ಜಾಣ್ಮೆಯ ಆಟ, ಅದೃಷ್ಟದ ಆಟ: ಕಾನೂನು ಎಳೆದ ಒಂದು ಗೆರೆ

ಯುವಕ ಸಂಘವೊಂದನ್ನು ನಡೆಸುತ್ತಿರುವ ನನ್ನ ಹಳೆಯ ಶಿಷ್ಯರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದರು: "ಮೇಷ್ಟ್ರೇ, ಪ್ರವೇಶಶುಲ್ಕ ಪಡೆದು ಚದುರಂಗದ ಪಂದ್ಯಾವಳಿ ಏರ್ಪಡಿಸಿ, ಗೆದ್ದವರಿಗೆ ನಗದು ಬಹುಮಾನ ಕೊಟ್ಟರೆ ಅದು ಜೂಜಾಗುತ್ತದೆಯೇ?" ನಾನು ವಕೀಲನಲ್ಲ, ಇತಿಹಾಸವನ್ನು ಬೋಧಿಸಿದವನು. ಆದರೆ ಈ ಪ್ರಶ್ನೆಗೆ ಒಂದು ಸ್ವಾರಸ್ಯಕರವಾದ ಇತಿಹಾಸವಿದೆ. ಅದರಲ್ಲಿ ನಮ್ಮ ನಾಡಿನ ಪಾಲೂ ಸಣ್ಣದಲ್ಲ. ಆದ್ದರಿಂದ ಈ ಬರಹ.

ಚಾಮರಾಜನಗರಕ್ಕೆ ಆ ಹೆಸರನ್ನಿತ್ತವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅರಿಕುಠಾರವೆಂದಿದ್ದ ಊರಿಗೆ 1818ರಲ್ಲಿ, ಅಲ್ಲಿ ಜನಿಸಿದ್ದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಅದೇ ದೊರೆ ಆಟಗಳ ಮಹಾಪ್ರೇಮಿಯೂ ಆಗಿದ್ದರೆಂಬುದನ್ನು ನಾವು ಮರೆಯುತ್ತೇವೆ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೂ ಒಂದು. ಗಂಜೀಫ ಎಲೆಯಾಟದ ವಿವರಗಳು ಅದರಲ್ಲಿವೆ. ಚದುರಂಗದ ಕುದುರೆಯನ್ನು ಯಾವ ಮನೆಗೂ ಎರಡನೆಯ ಸಲ ಕಾಲಿಡದಂತೆ ಎಲ್ಲ ಮನೆಗಳಿಗೂ ಸುತ್ತಿಸಿಬರುವ ಸಮಸ್ಯೆಯಲ್ಲಿಯೂ ಅವರು ಪರಿಣತರು. ಆಟವೆಂದರೆ ಬುದ್ಧಿಗೆ ಹಿಡಿದ ಸಾಣೆ ಎಂಬ ಭಾವನೆ ನಮ್ಮ ಸೀಮೆಗೆ ಹೊಸದಲ್ಲ.

ಇನ್ನು ಕಾನೂನಿನ ಮಾತು. ಬ್ರಿಟಿಷರ 1867ರ ಸಾರ್ವಜನಿಕ ಜೂಜು ಕಾಯಿದೆ ಜೂಜುಕಟ್ಟೆಗಳನ್ನು ನಿಷೇಧಿಸಿತಾದರೂ, ಕೇವಲ ಜಾಣ್ಮೆಯ ಆಟಗಳಿಗೆ ತನ್ನ ನಿಯಮಗಳು ಅನ್ವಯಿಸುವುದಿಲ್ಲವೆಂದು ಒಂದು ವಿನಾಯಿತಿ ಕೊಟ್ಟಿತು. 1930ರ ಮದರಾಸು ಜೂಜು ಕಾಯಿದೆಯಲ್ಲಿಯೂ ಇದೇ ವಿನಾಯಿತಿ ಇತ್ತು. ಆಗ ಕೊಳ್ಳೇಗಾಲ ಮದರಾಸು ಪ್ರಾಂತಕ್ಕೆ, ಅಂದರೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದಲ್ಲಿದ್ದವು. ಇಂದು ಒಂದೇ ಜಿಲ್ಲೆಯಾಗಿರುವ ಈ ಊರುಗಳಿಗೆ 1956ರ ನವೆಂಬರ್ 1ರವರೆಗೆ ಸರ್ಕಾರವೂ ಬೇರೆ, ಕಾನೂನೂ ಬೇರೆ. ಏಕೀಕರಣದ ತರುವಾಯ 1963ರ ಪೊಲೀಸ್ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ನಿಯಮವನ್ನು ತಂದಿತು. ಅದರ 79 ಮತ್ತು 80ನೆಯ ಕಲಮುಗಳು ಜೂಜಿನ ಮನೆ ನಡೆಸುವವರನ್ನೂ ಅಲ್ಲಿ ಸಿಕ್ಕಿಬಿದ್ದವರನ್ನೂ ದಂಡಿಸುತ್ತವೆ. 176ನೆಯ ಕಲಮು ಶುದ್ಧ ಜಾಣ್ಮೆಯ ಆಟಕ್ಕೆ ರಕ್ಷಣೆ ಕೊಡುತ್ತದೆ.

ಹಾಗಾದರೆ ಜಾಣ್ಮೆ ಯಾವುದು, ಅದೃಷ್ಟ ಯಾವುದು? ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಕೊಂಡೊಯ್ದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆ! 'ಸ್ಪೋರ್ಟಿಂಗ್ ಸ್ಟಾರ್' ಎಂಬ ಆ ಪತ್ರಿಕೆಯಲ್ಲಿ ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರು ಬಹುಮಾನದ ಪದಬಂಧ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಮುಂಬಯಿ ರಾಜ್ಯದಲ್ಲಿ ಅದಕ್ಕೆ ಅಪಾರ ಪ್ರಸಾರವಿತ್ತು. ಹೊರರಾಜ್ಯದಲ್ಲಿ ಮುದ್ರಿತವಾಗುವ ಇಂಥ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ಮುಂಬಯಿ ಸರ್ಕಾರ ತೆರಿಗೆ ಹಾಕಿದ್ದರಿಂದ ವ್ಯಾಜ್ಯ ಹುಟ್ಟಿತು.

ಪದಬಂಧದಲ್ಲಿ ಜೂಜೆಲ್ಲಿ ಬಂತು ಎಂದು ನೀವು ಕೇಳಬಹುದು. ತರಗತಿಯಲ್ಲಿ ಹೇಳುವಂತೆ ಒಂದು ಉದಾಹರಣೆ ಕೊಡುತ್ತೇನೆ. ಸುಳುಹು: 'ಹಬ್ಬದ ಅಡುಗೆಮನೆಯಲ್ಲಿ ಇದಿಲ್ಲದೆ ಆಗದು.' ಎರಡು ಅಕ್ಷರ, ಎರಡನೆಯದು 'ಲೆ'. ನೀವು 'ಎಲೆ' ಎಂದು ಬರೆದಿರಿ. ನಿಮ್ಮ ಪಕ್ಕದವರು 'ಒಲೆ' ಎಂದರು. ಎರಡೂ ಸರಿಯೇ. ಆದರೆ ಸಂಪಾದಕರು ಮೊದಲೇ ಮುಚ್ಚಿಟ್ಟ ಲಕೋಟೆಯಲ್ಲಿ ಯಾವುದಿದೆಯೋ ಅದಕ್ಕೆ ಮಾತ್ರ ಬಹುಮಾನ. ಆಗ ನಿಮ್ಮ ಕನ್ನಡ ಜ್ಞಾನಕ್ಕೆ ಬೆಲೆ ಎಲ್ಲಿ ಉಳಿಯಿತು? ನಾಣ್ಯ ಚಿಮ್ಮಿದಂತೆಯೇ ಆಯಿತು. ಇಂಥ ಸ್ಪರ್ಧೆ ಜೂಜೇ ಸರಿ, ಜೂಜನ್ನು ಸಂವಿಧಾನ ರಕ್ಷಿಸುವ ವ್ಯಾಪಾರವೆಂದು ಎಣಿಸಲಾಗದು ಎಂದು 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ತೀರ್ಪಿತ್ತರು.

ಅದೇ ದಿನ ಅದರ ಜೊತೆಯ ಮತ್ತೊಂದು ತೀರ್ಪೂ ಹೊರಬಂತು. 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯ ಪ್ರಕಾರ ತಿಂಗಳಿಗೆ ಒಟ್ಟು 1000 ರೂಪಾಯಿಗಿಂತ ಹೆಚ್ಚಿನ ಬಹುಮಾನ ಕೂಡದು. ಒಂದು ಸ್ಪರ್ಧೆಗೆ 2000ಕ್ಕಿಂತ ಹೆಚ್ಚು ಪ್ರವೇಶಪತ್ರಗಳು ಕೂಡದು. ಪರವಾನಗಿ ಬೇಕು, ಲೆಕ್ಕಪತ್ರ ಇಡಬೇಕು. ಈ ಕಟ್ಟುಪಾಡುಗಳು ಅದೃಷ್ಟಪ್ರಧಾನವಾದ ಸ್ಪರ್ಧೆಗಳಿಗೆ ಮಾತ್ರ, ಗಣನೀಯ ಜಾಣ್ಮೆ ಬೇಕಾದವುಗಳಿಗಲ್ಲ ಎಂದು ನ್ಯಾಯಾಲಯ ಬಿಡಿಸಿಹೇಳಿತು.

ಹತ್ತು ವರ್ಷಗಳ ಬಳಿಕ, 1967ರ ನವೆಂಬರ್‌ನಲ್ಲಿ, ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ರಮ್ಮಿಯ ಸರದಿ ಬಂತು. ಮೂರೆಲೆಯ ಆಟ ಬರಿಯ ಅದೃಷ್ಟದ್ದು. ರಮ್ಮಿಯಲ್ಲಾದರೋ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಸುಡಬೇಕು ಎಂಬ ವಿವೇಕ ಬೇಕು. ಆದ್ದರಿಂದ ಅದು ಪ್ರಧಾನವಾಗಿ ಜಾಣ್ಮೆಯ ಆಟ ಎಂದಿತು ನ್ಯಾಯಾಲಯ. ಆದರೆ ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಒಡೆಯರು ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧವಾಗಬಹುದೆಂಬ ಎಚ್ಚರಿಕೆಯನ್ನೂ ಸೇರಿಸಿತು. ಮುಂದೆ ರಮ್ಮಿಯ ಪರವಾಗಿ ವಾದಿಸಿದವರು ಮೊದಲ ಮಾತನ್ನು ಎತ್ತಿ ಹಿಡಿದಷ್ಟು ಈ ಎರಡನೆಯ ಮಾತನ್ನು ಹಿಡಿಯಲಿಲ್ಲ.

ಅನಂತರ ಆಟ ಕಟ್ಟೆಯಿಂದ ಮೊಬೈಲಿಗೆ ಬಂತು. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆದು ಒಂದು ಊಟಿಗೂ ಇನ್ನೊಂದು ಸುಲ್ತಾನ್ ಬತ್ತೇರಿಗೂ ಹೋಗುತ್ತದಷ್ಟೆ. ಎಲ್ಲೆ ದಾಟಿದರೆ ಕಾನೂನು ಬದಲಾಗುವುದನ್ನು ನಾವು ಬಲ್ಲೆವು: ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು, ವಯನಾಡಿನಲ್ಲಿ ಕೇರಳ ಸರ್ಕಾರವೇ ಅದನ್ನು ಮಾರುತ್ತದೆ. ಆದರೆ ಮೊಬೈಲಿಗೆ ಬಂಡೀಪುರದ ಚೆಕ್‌ಪೋಸ್ಟ್ ಇಲ್ಲ. 2021ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕ ಮೂರೂ ಹಣದ ಆನ್‌ಲೈನ್ ಆಟಗಳನ್ನು ತಡೆಯಲು ಹೊರಟವು. ಮೂರೂ ಉಚ್ಚ ನ್ಯಾಯಾಲಯಗಳಲ್ಲಿ ಬಿದ್ದುಹೋದವು. ನಮ್ಮ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು, ಜಾಣ್ಮೆಗೂ ಅದೃಷ್ಟಕ್ಕೂ ಇರುವ ಭೇದವನ್ನು ಅಳಿಸಲಾಗದೆಂದು ತಿದ್ದುಪಡಿಯ ಆ ಭಾಗವನ್ನು ರದ್ದುಮಾಡಿತು.

ಆ ಭೇದವನ್ನು ಕೊನೆಗೆ ಬದಿಗಿಟ್ಟದ್ದು ಸಂಸತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯಿದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು, ಅದು ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುತ್ತದೆ. ಒದಗಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ, ಇ-ಕ್ರೀಡೆಗೆ ಅವಕಾಶವಿದೆ. ಇದನ್ನು ಪ್ರಶ್ನಿಸಿ ನಮ್ಮ ಉಚ್ಚ ನ್ಯಾಯಾಲಯವೂ ಸೇರಿದಂತೆ ಹಲವೆಡೆ ಹೂಡಿದ್ದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ತರಿಸಿಕೊಂಡಿತು.

ಶಿಷ್ಯರಿಗೆ ನಾನು ಹೇಳಿದ್ದು ಇಷ್ಟು: ಹಲಗೆಯ ಮೇಲೆ, ಎದುರುಬದುರು ಕುಳಿತು ಆಡುವ ಚದುರಂಗ ಜೂಜಲ್ಲ. ನಿಯಮಗಳನ್ನು ಮೊದಲೇ ಪ್ರಕಟಿಸಿ, ಶುಲ್ಕದ ಲೆಕ್ಕವನ್ನು ಎಲ್ಲರಿಗೂ ತೋರಿಸಿ, ಹೊರಗಿನವರು ಪಂದ್ಯದ ಮೇಲೆ ಬಾಜಿ ಕಟ್ಟಲು ಬಿಡಬೇಡಿ. ಹೊರಡುವ ಮುನ್ನ ಸ್ಥಳೀಯ ವಕೀಲರನ್ನು ಒಮ್ಮೆ ಕೇಳಿ.

ನನ್ನ ಮನಸ್ಸನ್ನು ಕೊರೆಯುವುದು ಬೇರೆಯೇ ಒಂದು ವಿಚಾರ. ಜಾಣ್ಮೆಯ ಆಟವೆಂದ ಮಾತ್ರಕ್ಕೆ ಅದು ನಿರಪಾಯವೆಂದು ನಾವೇಕೆ ಭಾವಿಸಿದೆವು? ಅದೃಷ್ಟದ ಆಟದಲ್ಲಿ ದಡ್ಡನೂ ಒಮ್ಮೊಮ್ಮೆ ಗೆಲ್ಲುತ್ತಾನೆ. ಜಾಣ್ಮೆಯ ಆಟದಲ್ಲಿ ಕಡಿಮೆ ಬಲ್ಲವನು ಹೆಚ್ಚು ಬಲ್ಲವನಿಗೆ ಸೋಲುವುದು ಹೆಚ್ಚು ಖಚಿತ. ಅಪರಿಚಿತರೊಡನೆ ಹಗಲಿರುಳೂ ಹಣವಿಟ್ಟು ಆಡಿದರೆ ಅವನ ಗಂಟು ಕರಗದೆ ಉಳಿಯದು. ಪಗಡೆಯಲ್ಲಿ ತನ್ನನ್ನು ಜಾಣನೆಂದು ನಂಬಿದ್ದ ಧರ್ಮರಾಯನ ಕಥೆ ಅದೇ ಅಲ್ಲವೇ? ಕಬ್ಬು, ಅರಿಶಿನ ಮಾರಿ ಬಂದ ಹಣವನ್ನು ಹೀಗೆ ಕಳೆದುಕೊಂಡ ಹುಡುಗರ ತಂದೆತಾಯಿಗಳು ನನ್ನ ಬಳಿ ಬಂದು ಅತ್ತಿದ್ದುಂಟು. 'ನನಗೆ ಆಟ ಬರುತ್ತದೆ' ಎಂಬ ಅವರ ಮಕ್ಕಳ ನಂಬಿಕೆಯೇ ಅವರನ್ನು ಮುಳುಗಿಸಿತು. ಈ ಬರಹವನ್ನು ಓದುತ್ತಿರುವ ನೀವು ಈಗ ಬೆಳೆದ ಮಕ್ಕಳ ತಂದೆತಾಯಿಗಳು. ಮನೆಯಲ್ಲಿ ಒಂದು ಚೌಕಾಬಾರದ ಮನೆ ಬರೆದು, ಕವಡೆ ಹಿಡಿದು ಮಕ್ಕಳೊಡನೆ ಕುಳಿತುಕೊಳ್ಳಿ. ಸೋತಾಗ ನಗುವುದನ್ನು ಕಲಿಸಿ.